ಮಿದುಳಿನ ಗಡ್ಡೆ



ಸಿಂಧನೂರಿನ ಗದ್ದೆಗಳಲ್ಲಿ ದುಡಿಯುವವರಾಗಲಿ, ಲಿಂಗಸುಗೂರು ತಾಲ್ಲೂಕಿನ ಹಟ್ಟಿಯ ಚಿನ್ನದ ಗಣಿಗೆ ಇಳಿಯುವವರಾಗಲಿ, ತಲೆಬೇನೆಯನ್ನು ಅರಿಯದವರಿಲ್ಲ. ಬಿಸಿಲು, ಹಸಿವು, ನಿದ್ದೆಗೇಡುಗಳೇ ಬಹುಮಟ್ಟಿಗೆ ಅದಕ್ಕೆ ಕಾರಣಗಳು. ಆದರೆ ಅಪರೂಪವಾಗಿ ಅದರ ಹಿಂದೆ ಮಿದುಳಿನ ಗಡ್ಡೆಯು ಅಡಗಿರುವುದುಂಟು. ಅದನ್ನು ಗುರುತಿಸುವ ಬಗೆಯನ್ನು ಈ ಹೊತ್ತು ವಿಚಾರಿಸೋಣ.

ಹೊಟ್ಟೆಯಲ್ಲಿ ಗಡ್ಡೆ ಬೆಳೆದರೆ ಹೊಟ್ಟೆಯು ಹಿಗ್ಗೀತು, ತಲೆಬುರುಡೆಯಾದರೋ ಹಿಗ್ಗಲಾರದು. ಆದಕಾರಣ ಒಳಗಿನ ಒತ್ತಡವು ಏರುವುದು. ಬೆಳಗ್ಗೆ ಎಚ್ಚತ್ತೊಡನೆ ಹೆಚ್ಚುವ, ದಿನೇ ದಿನೇ ಬಲಿಯುವ ನೋವು, ವಾಂತಿ, ಮಬ್ಬಾಗುವ ದೃಷ್ಟಿ ಇವು ಆ ಒತ್ತಡದ ಕುರುಹುಗಳು. ಉಳಿದ ಲಕ್ಷಣಗಳು ಗಡ್ಡೆಯಿರುವ ಎಡೆಯನ್ನು ಅನುಸರಿಸುವುವು. ಮಿದುಳಿನ ಎಡಭಾಗವು ನೊಂದರೆ ಬಲಗೈ ಸೋಲುವುದು, ಮಾತು ತಡವರಿಸುವುದು. ಮುಂಭಾಗವು ನೊಂದರೆ ಸೌಮ್ಯನಾಗಿದ್ದವನು ಮುಂಗೋಪಿಯಾಗಬಹುದು, ಜಾಣೆಯಾದ ಗೃಹಿಣಿಯು ಒಲೆಯ ಮುಂದೆ ಮಂಕಾಗಿ ಕುಳಿತುಬಿಡಬಹುದು. ಎಂದೂ ಇಲ್ಲದ ಮೂರ್ಛೆಯು ನಡುಹರೆಯದಲ್ಲಿ ಮೊದಲ ಬಾರಿಗೆ ಬರಬಹುದು.

ಇಂತಹ ವೇಳೆಯಲ್ಲಿ ಮನೆಯವರು ಗಾಳಿ ಸೋಂಕಿತೆಂದೋ ಮಾಟವೆಂದೋ ಬಗೆದು ತಾಯತ ಕಟ್ಟಿಸುತ್ತ ತಿಂಗಳುಗಳನ್ನು ಕಳೆಯುವುದುಂಟು. ಅಷ್ಟರಲ್ಲಿ ಕಣ್ಣಿನ ನರವು ಬಾಡಿದರೆ, ಬಳಿಕ ಗಡ್ಡೆಯನ್ನು ತೆಗೆದರೂ ಹೋದ ದೃಷ್ಟಿಯು ಮರಳಲಾರದು. ದೇವರಿಗೆ ಹರಕೆ ಹೊರಬೇಡಿರೆಂದು ನಾವು ಹೇಳುವುದಿಲ್ಲ; ಹರಕೆಯ ಜೊತೆಯಲ್ಲಿಯೇ ವೈದ್ಯರನ್ನೂ ಕಾಣಿರಿ ಎನ್ನುತ್ತೇವೆ. ಮೂರ್ಛೆ ಬಂದವರ ಕೈಗೆ ಕಬ್ಬಿಣ ಕೊಡುವುದರಿಂದ ಫಲವಿಲ್ಲ. ಅವರನ್ನು ಮಗ್ಗುಲಾಗಿ ಮಲಗಿಸಿರಿ, ಬಾಯಿಗೆ ಏನನ್ನೂ ಹಾಕದಿರಿ.

ಗಡ್ಡೆಯೆಂದೊಡನೆ ಮರಣವೆಂದು ಎದೆಗುಂದಬೇಕಾಗಿಲ್ಲ. ಎಲ್ಲ ಗಡ್ಡೆಗಳೂ ಅರ್ಬುದವಲ್ಲ. ಹಲವನ್ನು ಪೂರ್ಣವಾಗಿ ತೆಗೆಯಬಹುದು. ಉಳಿದವುಗಳಿಗೆ ಕಿರಣಚಿಕಿತ್ಸೆ, ಔಷಧಗಳುಂಟು. 1884ರಲ್ಲಿ ಲಂಡನ್ನಿನಲ್ಲಿ ಗಾಡ್ಲೀ ಎಂಬ ವೈದ್ಯರು ಇಂತಹ ಗಡ್ಡೆಯನ್ನು ತೆಗೆದಾಗ ರೋಗಿಯು ತಿಂಗಳೊಳಗೆ ತೀರಿಕೊಂಡನು. ಅಂದಿನಿಂದ ವಿದ್ಯೆಯು ಬಹುದೂರ ಸಾಗಿದೆ. 1949ರಲ್ಲಿ ಡಾಕ್ಟರ್ ಜೇಕಬ್ ಚಾಂಡಿಯವರು ವೆಲ್ಲೂರಿನಲ್ಲಿ ಮಿದುಳಿನ ಶಸ್ತ್ರಚಿಕಿತ್ಸೆಯ ವಿಭಾಗವನ್ನು ತೆರೆದರು. 1971ರಲ್ಲಿ ಬಂದ ಸಿ.ಟಿ. ಯಂತ್ರವು ತಲೆಯನ್ನು ತೆರೆಯದೆಯೇ ಒಳಗಿನದನ್ನು ತೋರಿಸಿತು. ಈಗ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಗೆ ನಾಡಿನ ಎಲ್ಲೆಡೆಯಿಂದಲೂ ಇಂತಹ ರೋಗಿಗಳು ಬರುತ್ತಾರೆ. ಮೊದಲು ತಾಲ್ಲೂಕಿನ ಆಸ್ಪತ್ರೆ, ಅಲ್ಲಿಂದ ರಾಯಚೂರು, ಅಗತ್ಯವಾದರೆ ಬೆಂಗಳೂರು, ಇದು ಹಿಡಿಯಬೇಕಾದ ದಾರಿ. ಪಡಿತರ ಚೀಟಿಯುಳ್ಳ ಬಡವರು ಸರಕಾರದ ನೆರವಿನ ವಿಷಯವನ್ನು ಮೊದಲ ಆಸ್ಪತ್ರೆಯಲ್ಲಿಯೇ ವಿಚಾರಿಸಿಕೊಳ್ಳತಕ್ಕದ್ದು.

ಶಸ್ತ್ರಚಿಕಿತ್ಸೆಯ ಬಳಿಕವೂ ಕೆಲವರಿಗೆ ಮರೆವು, ಆಯಾಸ, ಸಿಡುಕು ಉಳಿಯುವುವು. ಅದು ರೋಗಿಯ ಗುಣದೋಷವಲ್ಲ, ರೋಗದ ಶೇಷ. ಮನೆಯವರ ತಾಳ್ಮೆಯೂ ಆಗ ಔಷಧವೇ.

1915ರಲ್ಲಿ ಮಸ್ಕಿಯಲ್ಲಿ ದೊರೆತ ಶಾಸನದಲ್ಲಿ ಅಶೋಕನು, ಧರ್ಮದ ಫಲವು ದೊಡ್ಡವರಿಗೆ ಮಾತ್ರವಲ್ಲ, ಸಣ್ಣವರಿಗೂ ದಕ್ಕತಕ್ಕದ್ದೆಂದು ಸಾರಿದ್ದಾನೆ. ವೈದ್ಯದ ಫಲವೂ ಹಾಗೆಯೇ ಆಗಬೇಕಾದರೆ, ಕುರುಹು ಕಂಡಂದೇ ನಾವು ಮನೆಯಿಂದ ಹೊರಡಬೇಕು.