ಧನುರ್ಮಾಸಕ್ಕೆ ಇಪ್ಪತ್ತೊಂಬತ್ತೇ ದಿನ ಏಕೆ?



ಡಿಸೆಂಬರ್ 16ರ ಸುಮಾರಿಗೆ ಯಲಹಂಕ, ಯಶವಂತಪುರದ ಗುಡಿಗಳಲ್ಲಿ ಬೆಳಕು ಹರಿಯುವ ಮುನ್ನವೇ ಗಂಟೆಯ ಸದ್ದು ಕೇಳತೊಡಗುತ್ತದೆ. ಧನುರ್ಮಾಸದ ಪೂಜೆ. ಮೈ ನಡುಗಿಸುವ ಚಳಿ, ಸ್ವೆಟರಿನ ಮೇಲೆ ಶಾಲು ಹೊದ್ದ ಅಜ್ಜಿಯರು, ದೊನ್ನೆಯಲ್ಲಿ ಬಿಸಿ ಹುಗ್ಗಿ. ಜನವರಿ 14ಕ್ಕೋ 15ಕ್ಕೋ ಸಂಕ್ರಾಂತಿ ಬಂದರೆ ಮುಗಿಯಿತು. ಎಣಿಸಿ ನೋಡಿ: 29 ದಿನ, ಮೇಲೆ ಕೆಲವು ಗಂಟೆ. ಅದೇ ಜೂನ್ ನಡುವಿನಲ್ಲಿ ಆರಂಭವಾಗುವ ಮಿಥುನ ಮಾಸ 31 ದಿನ ದಾಟಿ ಮೇಲೆ ಅರ್ಧ ದಿನ ಎಳೆಯುತ್ತದೆ. ಎರಡೂ ಸೌರಮಾಸಗಳೇ. ಎರಡರಲ್ಲೂ ಸೂರ್ಯ ದಾಟುವುದು 30 ಡಿಗ್ರಿಯ ಒಂದೊಂದು ರಾಶಿಯನ್ನೇ. ಹಾಗಿದ್ದ ಮೇಲೆ ಎರಡು ದಿನದ ಈ ವ್ಯತ್ಯಾಸ ಎಲ್ಲಿಂದ ಬಂತು?

ಉತ್ತರ ಆಕಾಶದಲ್ಲಿಲ್ಲ, ಕಾಲ ಕೆಳಗಿದೆ. ಓಡುತ್ತಿರುವುದು ಸೂರ್ಯನಲ್ಲ, ಭೂಮಿ. ಅದೂ ಒಂದೇ ವೇಗದಲ್ಲಿ ಓಡುತ್ತಿಲ್ಲ.

ಭೂಮಿಯ ವೇಗ ಎಷ್ಟೆಂಬುದನ್ನು ಪೆನ್ಸಿಲ್ಲು, ಕಾಗದ ಹಿಡಿದು ಯಾರಾದರೂ ಲೆಕ್ಕ ಹಾಕಬಹುದು. ಸೂರ್ಯನಿಂದ ಭೂಮಿಗಿರುವ ಸರಾಸರಿ ದೂರ 14 ಕೋಟಿ 96 ಲಕ್ಷ ಕಿ.ಮೀ. ಈ ಅಳತೆಯ ವೃತ್ತದ ಸುತ್ತಳತೆ ಸುಮಾರು 94 ಕೋಟಿ ಕಿ.ಮೀ. ಒಂದು ವರ್ಷದಲ್ಲಿರುವುದು ಸುಮಾರು 3 ಕೋಟಿ 15 ಲಕ್ಷ ಸೆಕೆಂಡು. ಭಾಗಿಸಿದರೆ ಸೆಕೆಂಡಿಗೆ 29.8 ಕಿ.ಮೀ. ಮೇಖ್ರಿ ವೃತ್ತದಿಂದ ಹೆಬ್ಬಾಳ, ಯಲಹಂಕ ಹಾದು ದೇವನಹಳ್ಳಿಯ ವಿಮಾನ ನಿಲ್ದಾಣಕ್ಕೆ ಹೆಚ್ಚುಕಡಿಮೆ ಇಷ್ಟೇ ದೂರ. ಹೆಬ್ಬಾಳದ ಮೇಲ್ಸೇತುವೆಯಲ್ಲಿ ಸಿಕ್ಕಿಕೊಂಡವರಿಗೆ ಅದು ಒಂದೂವರೆ ಗಂಟೆಯ ಪಾಡು. ಭೂಮಿಗೆ ಒಂದು ಸೆಕೆಂಡಿನ ಕೆಲಸ. ಗಂಟೆಯ ಲೆಕ್ಕದಲ್ಲಿ ಹೇಳುವುದಾದರೆ ಒಂದು ಲಕ್ಷದ ಏಳು ಸಾವಿರ ಕಿ.ಮೀ. ಯಲಹಂಕದ ವಾಯುನೆಲೆಯ ವಿಮಾನ ಪ್ರದರ್ಶನದಲ್ಲಿ ಕಿವಿ ಮುಚ್ಚಿಕೊಳ್ಳುವಂತೆ ಮಾಡುವ ಸುಖೋಯ್-30 ವಿಮಾನದ ಗರಿಷ್ಠ ವೇಗವೂ ಗಂಟೆಗೆ ಸುಮಾರು 2,100 ಕಿ.ಮೀ. ಮಾತ್ರ. ಭೂಮಿಯದು ಅದರ ಐವತ್ತು ಪಟ್ಟು.

ಇಷ್ಟು ವೇಗ ಮೈಗೆ ತಿಳಿಯುವುದಿಲ್ಲ, ಏಕೆಂದರೆ ಗಾಳಿ, ನೀರು, ಮನೆ, ಮರ ಎಲ್ಲವೂ ಜೊತೆಯಲ್ಲೇ ಸಾಗುತ್ತಿವೆ. ಬಸ್ಸಿನಲ್ಲಿ ಕುಳಿತವರಿಗೆ ತಿಳಿಯುವುದು ಬ್ರೇಕು ಮತ್ತು ತಿರುವು, ವೇಗವಲ್ಲ. ಭೂಮಿ ಬ್ರೇಕು ಹಾಕುವುದಿಲ್ಲ. ಅದರ ತಿರುವೋ ವರ್ಷವಿಡೀ ಹರಡಿಕೊಂಡಿದೆ.

ಹಾಗಾದರೆ ಓಡುತ್ತಿದೆ ಎಂಬುದಕ್ಕೆ ಸಾಕ್ಷಿ ಏನು? ಕೊಪರ್ನಿಕಸ್ 1543ರಲ್ಲಿ ಸೂರ್ಯನನ್ನು ನಡುವೆ ಕೂರಿಸಿದರೂ ನೇರವಾದ ಸಾಕ್ಷಿ ಸಿಕ್ಕಲು ಇನ್ನೂ 185 ವರ್ಷ ಬೇಕಾಯಿತು. ಗಾಳಿಯಿಲ್ಲದೆ ನೆಟ್ಟಗೆ ಸುರಿಯುವ ಮಳೆಯಲ್ಲಿ ನಿಂತವರು ಕೊಡೆಯನ್ನು ನೇರವಾಗಿ ಹಿಡಿಯುತ್ತಾರೆ. ಅದೇ ಮಳೆಯಲ್ಲಿ ಬಳ್ಳಾರಿ ರಸ್ತೆಯ ಮೇಲೆ ಸ್ಕೂಟರ್ ಓಡಿಸಿದರೆ ಹನಿಗಳು ಎದುರಿನಿಂದ ಮುಖಕ್ಕೆ ಹೊಡೆಯುತ್ತವೆ. ನಕ್ಷತ್ರದ ಬೆಳಕೂ ಹೀಗೆಯೇ ಓರೆಯಾಗಿ ಬೀಳುತ್ತಿದೆ ಎಂದು ಇಂಗ್ಲೆಂಡಿನ ಜೇಮ್ಸ್ ಬ್ರಾಡ್ಲಿ 1728ರಲ್ಲಿ ಕಂಡುಕೊಂಡ. ಓರೆ ಬಲು ಸಣ್ಣದು, ಒಂದು ಡಿಗ್ರಿಯ ಸುಮಾರು 175ನೇ ಒಂದು ಪಾಲು. ಬೆಳಕಿನ ವೇಗ ಭೂಮಿಯ ವೇಗದ ಹತ್ತು ಸಾವಿರ ಪಟ್ಟು ಎಂಬುದು ಆ ಓರೆಯಿಂದಲೇ ತಿಳಿಯಿತು.

ಈಗ ಧನುರ್ಮಾಸಕ್ಕೆ ಮರಳೋಣ. ಭೂಮಿಯ ದಾರಿ ಪೂರ್ಣ ವೃತ್ತವಲ್ಲ, ತುಸು ಅಂಡಾಕಾರ. ಗ್ರಹವೊಂದು ಸೂರ್ಯನಿಗೆ ಸಮೀಪ ಬಂದಾಗ ಬೇಗನೆ, ದೂರ ಸರಿದಾಗ ನಿಧಾನವಾಗಿ ಚಲಿಸುತ್ತದೆಂದು ಕೆಪ್ಲರ್ 1609ರಲ್ಲಿ ಸಾರಿದ. ಭೂಮಿ ಸೂರ್ಯನಿಗೆ ಅತಿ ಸಮೀಪ ಬರುವುದು ಜನವರಿಯ ಮೊದಲ ವಾರದಲ್ಲಿ. ಆಗಿನ ದೂರ 14 ಕೋಟಿ 71 ಲಕ್ಷ ಕಿ.ಮೀ., ವೇಗ ಸೆಕೆಂಡಿಗೆ 30.3 ಕಿ.ಮೀ. ಜುಲೈ ಮೊದಲ ವಾರದಲ್ಲಿ ದೂರ 15 ಕೋಟಿ 21 ಲಕ್ಷ, ವೇಗ 29.3. (ಸಮೀಪ ಬಂದಾಗಲೇ ಚಳಿ ಹೇಗೆ ಎಂದು ಕೇಳುವವರಿದ್ದಾರೆ. ಚಳಿಗೆ ಕಾರಣ ದೂರವಲ್ಲ, ಭೂಮಿಯ ಅಕ್ಷದ ವಾಲಿಕೆ.) ಹೀಗಾಗಿ ಧನುರ್ಮಾಸದಲ್ಲಿ 30 ಡಿಗ್ರಿ ಬೇಗನೆ ಮುಗಿಯುತ್ತದೆ.

ಪಂಚಾಂಗ ಮಾಡಿದ ಹಿಂದಿನವರು ಭೂಮಿ ನಿಂತಿದೆ, ಸೂರ್ಯ ಓಡುತ್ತಾನೆ ಎಂದೇ ಎಣಿಸಿದ್ದರು. ಆದರೂ ಈ ಏರಿಳಿತ ಅವರ ಕಣ್ಣಿಗೆ ತಪ್ಪಿರಲಿಲ್ಲ. ಸೂರ್ಯನ ಗತಿ ಅತಿ ಮಂದವಾಗುವ ಬಿಂದುವಿಗೆ ‘ಮಂದೋಚ್ಚ’ ಎಂದು ಹೆಸರಿಟ್ಟು ಲೆಕ್ಕ ತಿದ್ದಿಕೊಂಡರು. ಅಧಿಕ ಮಾಸದಲ್ಲೂ ಇದರ ಗುರುತುಂಟು. ಅಮಾವಾಸ್ಯೆಯಿಂದ ಅಮಾವಾಸ್ಯೆಗೆ ಸುಮಾರು ಇಪ್ಪತ್ತೊಂಬತ್ತೂವರೆ ದಿನ. ಆ ಅವಧಿಯಲ್ಲಿ ಯಾವ ಸಂಕ್ರಮಣವೂ ಬೀಳದಿದ್ದರೆ ಅದು ಅಧಿಕ ಮಾಸ. ಉದ್ದನೆಯ ಸೌರಮಾಸಗಳಲ್ಲಿ ಇದಕ್ಕೆ ಎಡೆಯುಂಟು. ಧನುರ್ಮಾಸದ ಗಿಡ್ಡ ಅವಧಿಯಲ್ಲಿ ಇಲ್ಲ. 2015ರಲ್ಲಿ ಅಧಿಕ ಆಷಾಢ, 2018ರಲ್ಲಿ ಅಧಿಕ ಜ್ಯೇಷ್ಠ, 2020ರಲ್ಲಿ ಅಧಿಕ ಆಶ್ವಯುಜ, 2023ರಲ್ಲಿ ಅಧಿಕ ಶ್ರಾವಣ ಬಂದವು. ‘ಅಧಿಕ ಪುಷ್ಯ’ದ ಅಪೂಪದಾನ ಮಾಡಿದವರನ್ನು ಹುಡುಕಿದರೆ ಸಿಕ್ಕಲಾರರು.

ಪಂಚಾಂಗದಲ್ಲಿ ಹೀಗೆ ಅಡಗಿರುವ ವೇಗವನ್ನು ಕೂಲಿಗೆ ಹಚ್ಚಿದ ಜಾಗವೂ ಇದೇ ದಿಕ್ಕಿನಲ್ಲಿದೆ. ಯಶವಂತಪುರ ದಾಟಿ ತುಮಕೂರು ರಸ್ತೆಯಲ್ಲಿ ಪೀಣ್ಯ. ಲೇತ್ ಯಂತ್ರಗಳ ಸದ್ದಿನ ಆ ಕೈಗಾರಿಕಾ ಪ್ರದೇಶದೊಳಗೆ ಇಸ್ರೋದ ‘ಇಸ್ಟ್ರಾಕ್’ ಎಂಬ ನಿಯಂತ್ರಣ ಕೇಂದ್ರವಿದೆ. 2013ರ ನವೆಂಬರ್ 5ರಂದು ಶ್ರೀಹರಿಕೋಟದಿಂದ ಹಾರಿದ ಮಂಗಳಯಾನ ನೌಕೆ ಸುಮಾರು 25 ದಿನ ಭೂಮಿಯ ಸುತ್ತಲೇ ತಿರುಗುತ್ತಿತ್ತು. ಮಂಗಳನ ದಾರಿ ಹಿಡಿಯಬೇಕಾದರೆ ಸೂರ್ಯನ ಲೆಕ್ಕದಲ್ಲಿ ಅದಕ್ಕೆ ಸೆಕೆಂಡಿಗೆ ಸುಮಾರು 33 ಕಿ.ಮೀ. ವೇಗ ಬೇಕು. ಅಂಥ ರಾಕೆಟ್ಟು ಎಲ್ಲಿಂದ ತರುವುದು? ತರಬೇಕಾಗಿರಲಿಲ್ಲ. ಅದರಲ್ಲಿ 30 ಕಿ.ಮೀ. ಭೂಮಿಯೇ ಕೊಟ್ಟ ಬಳುವಳಿ. ಉಳಿದ ಮೂರನ್ನು ಭೂಮಿ ಓಡುವ ದಿಕ್ಕಿನಲ್ಲೇ ಸೇರಿಸಿದರೆ ಸಾಕಿತ್ತು. ಡಿಸೆಂಬರ್ 1ರ ಮಧ್ಯರಾತ್ರಿ ಕಳೆದು ಮುಕ್ಕಾಲು ಗಂಟೆಯ ಹೊತ್ತಿಗೆ ನೌಕೆಯ ಎಂಜಿನ್ ಸುಮಾರು 22 ನಿಮಿಷ ಉರಿಯಿತು. ಅದು ಕೂಡಿಸಿದ ವೇಗ ಸೆಕೆಂಡಿಗೆ 648 ಮೀಟರ್.

ಆ ರಾತ್ರಿ ತಪ್ಪಿದ್ದರೆ? ಭೂಮಿ, ಮಂಗಳ ಎರಡೂ ಮತ್ತೆ ಅದೇ ರೀತಿ ಹೊಂದಿಕೊಂಡು ನಿಲ್ಲಲು 26 ತಿಂಗಳು ಬೇಕು. ಮುಂದಿನ ಅವಕಾಶ 2016ಕ್ಕೆ ಇತ್ತು.

ತಪ್ಪಲಿಲ್ಲ. ಆದರೆ ಮುಂದೆ ಇನ್ನೊಂದು ಆತಂಕ ಕಾದಿತ್ತು. ಸುಮಾರು 300 ದಿನ ಮಲಗಿದ್ದ ಎಂಜಿನ್ ಮಂಗಳನ ಬಳಿ ಮತ್ತೆ ಹೊತ್ತಿಕೊಳ್ಳಬೇಕು. 2014ರ ಸೆಪ್ಟೆಂಬರ್ 22ರಂದು ಅದನ್ನು ನಾಲ್ಕು ಸೆಕೆಂಡು ಮಾತ್ರ ಉರಿಸಿ ನೋಡಿದರು. 24ರ ಬೆಳಿಗ್ಗೆ ಸುಮಾರು 23 ನಿಮಿಷ ಉರಿಯಿತು. ನೌಕೆಯ ಸಂದೇಶ ಪೀಣ್ಯಕ್ಕೆ ತಲುಪಲು 12 ನಿಮಿಷ ಹಿಡಿಯುತ್ತಿತ್ತು. ಅಲ್ಲಿ ನಡೆದದ್ದು ನಡೆದುಹೋಗಿರುತ್ತದೆ; ಇಲ್ಲಿ ಕಾಯುವುದಷ್ಟೇ ಕೆಲಸ. ಆರು ತಿಂಗಳಿಗೆಂದು ಕಳುಹಿಸಿದ ನೌಕೆಯೊಡನೆ ಸಂಪರ್ಕ ಉಳಿದದ್ದು 2022ರ ಏಪ್ರಿಲ್‌ವರೆಗೆ.

ಅದೇ ಪೀಣ್ಯದ ನಿಗಾದಲ್ಲಿ ಆದಿತ್ಯ-ಎಲ್1 ನೌಕೆ ಭೂಮಿಯಿಂದ 15 ಲಕ್ಷ ಕಿ.ಮೀ. ಆಚೆ, ಸೂರ್ಯನ ದಿಕ್ಕಿನಲ್ಲಿ, ಭೂಮಿಗೆ ಸರಿಜೋಡಿಯಾಗಿ ವರ್ಷಕ್ಕೊಂದು ಸುತ್ತು ಹಾಕುವ ಜಾಗ ಸೇರಿತು. ಅದು 2024ರ ಜನವರಿ 6. ಭೂಮಿ ಸೂರ್ಯನಿಗೆ ಅತಿ ಸಮೀಪ ಬಂದು ಮೂರು ದಿನ ಕಳೆದಿತ್ತು. ಯಶವಂತಪುರದ ಗುಡಿಗಳಲ್ಲಿ ನಸುಕಿನ ಪೂಜೆ ಇನ್ನೂ ನಡೆದಿತ್ತು.