ತೆರೆಯ ಮೇಲಿನ ಉತ್ತರ, ನಾಳಿನ ಶಿಕ್ಷಕ
(ಡೊಂಬಿವಲಿಯಲ್ಲಿ ಶಿಕ್ಷಕರ ದಿನಾಚರಣೆಯಂದು ಮಾಡಿದ ಭಾಷಣ)



ನನ್ನ ತಂಗಿಯ ಮಗಳು ಕಲ್ಯಾಣದಲ್ಲಿ ಬಿ.ಎಡ್. ಓದುತ್ತಿದ್ದಾಳೆ. ಅಭ್ಯಾಸ ಪಾಠದ ಸಿದ್ಧತೆಗಾಗಿ ಅವಳು ‘ಭಾರತದ ಮೊದಲ ರೈಲು ಯಾವುದು?’ ಎಂದು ಮೊಬೈಲಿನಲ್ಲಿ ಹುಡುಕಿದಳು. 1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ನಮ್ಮ ಥಾಣೆಗೆ ಓಡಿದ ರೈಲು ಎಂಬ ಉತ್ತರ ಬಂದಿತು. ಬರೆದುಕೊಂಡು ಪುಸ್ತಕ ಮುಚ್ಚಿದಳು.

‘ಇನ್ನೊಮ್ಮೆ ಹುಡುಕಮ್ಮ’ ಎಂದೆ. 1837ರಲ್ಲಿ ಮದರಾಸಿನ ರೆಡ್ ಹಿಲ್ಸ್‌ನಲ್ಲಿ ಕಲ್ಲು ಸಾಗಿಸಿದ ರೈಲೂ, 1851ರಲ್ಲಿ ರೂರ್ಕಿಯಲ್ಲಿ ಕಾಲುವೆಯ ಕಾಮಗಾರಿಗೆ ಮಣ್ಣು ಹೊತ್ತ ರೈಲೂ ಕಂಡವು. ‘ಮಾವಾ, ಹಾಗಾದರೆ ಯಾವುದು ಸರಿ?’ ಎಂದಳು. ಮೂರು ಸಂಗತಿಗಳೂ ನಿಜ. ಥಾಣೆಯ ರೈಲು ಮೊದಲನೆಯದಾಗುವುದು ಪ್ರಯಾಣಿಕರ ಸೇವೆಯಲ್ಲಿ. ಪ್ರಶ್ನೆಯಲ್ಲಿ ಆ ಒಂದು ಪದವಿರಲಿಲ್ಲ.

ಜ್ಞಾನವು ನಿಶ್ಚಿತವೇ, ಸರಳವೇ, ಎಲ್ಲಿಂದ ಬರುತ್ತದೆ, ಯಾವ ಆಧಾರದಿಂದ ಒಪ್ಪಬೇಕು? ಕಲಿಯುವವನ ಮನಸ್ಸಿನಲ್ಲಿರುವ ಈ ನಾಲ್ಕು ನಂಬಿಕೆಗಳನ್ನು ಅಮೆರಿಕದ ಹೋಫರ್ ಮತ್ತು ಪಿಂಟ್ರಿಚ್ 1997ರಲ್ಲಿ ಗುರುತಿಸಿದರು. ಜ್ಞಾನವೆಲ್ಲ ತೆರೆಯೊಳಗೆ ಸಿದ್ಧವಾಗಿದೆ ಎಂದು ನಂಬಿದ ಶಿಕ್ಷಕಿ ಮಕ್ಕಳಿಗೆ ಉತ್ತರವನ್ನು ಹಂಚಬಲ್ಲಳೇ ಹೊರತು ವಿಚಾರವನ್ನಲ್ಲ.

ನಾನು ಯಂತ್ರದ್ವೇಷಿಯಲ್ಲ. 2017ರಲ್ಲಿ ಆರಂಭವಾದ ‘ದೀಕ್ಷಾ’ ವೇದಿಕೆಯಿಂದ ನವಿಮುಂಬಯಿಯ ಮನೆಯಲ್ಲಿ ಕುಳಿತ ಮಗುವೂ ಕನ್ನಡ ಪಾಠ ಕೇಳಬಹುದು. ಹೊರನಾಡಿನ ನಮಗೆ ಇದು ಸಣ್ಣ ಉಪಕಾರವಲ್ಲ. ಆದರೆ ಕೇಳಿದ್ದನ್ನು ಪರೀಕ್ಷಿಸುವ ಅಭ್ಯಾಸವನ್ನು ಶಿಕ್ಷಕರೇ ಕಲಿಸಬೇಕು.

ಈ ಮಾತನ್ನು ನಾನು ತಪ್ಪು ಮಾಡಿ ಕಲಿತವನು. ವರ್ಷಗಳ ಹಿಂದೆ ವೃದ್ಧೆಯೊಬ್ಬರ ಪಿಂಚಣಿ ಅರ್ಜಿಯನ್ನು ‘ಗಣಕಯಂತ್ರದಲ್ಲಿ ಹೆಸರಿಲ್ಲ’ ಎಂದು ಹಿಂದಿರುಗಿಸಿದ್ದೆ. ಹಳೆಯ ಕಡತದಲ್ಲಿ ಹೆಸರಿತ್ತು. ಯಂತ್ರಕ್ಕೆ ಏರಿಸುವಾಗ ಬಿಟ್ಟುಹೋಗಿತ್ತು. ಕಡತ ತೆರೆದು ನೋಡುವ ಶ್ರಮವನ್ನು ನಾನು ವಹಿಸದ ಕಾರಣ ಆ ತಾಯಿ ತಿಂಗಳುಗಟ್ಟಲೆ ಅಲೆದರು. ಸ್ನಾತಕೋತ್ತರ ಪದವಿ ನನ್ನನ್ನು ಕಾಪಾಡಲಿಲ್ಲ.

ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಎಂದರು ನಮ್ಮ ಹಿರಿಯರು. ಹಗಲು ಹೋಟೆಲುಗಳಲ್ಲಿ ದುಡಿದು ಮುಂಬಯಿಯ ಕನ್ನಡ ರಾತ್ರಿ ಶಾಲೆಗಳಲ್ಲಿ ಕಲಿತ ತಲೆಮಾರಿಗೆ ಪುಸ್ತಕಗಳ ಅಭಾವವಿತ್ತು. ಇಂದಿನವರಿಗೆ ಉತ್ತರಗಳ ಅತಿವೃಷ್ಟಿ. ಎರಡು ಕಾಲಕ್ಕೂ ‘ಹೇಗೆ ಗೊತ್ತು?’ ಎಂದು ಕೇಳುವ ಗುರು ಬೇಕು.

ನನ್ನ ಕೋರಿಕೆ ಇಷ್ಟೆ: ಥಾಣೆ, ಡೊಂಬಿವಲಿ, ಕಲ್ಯಾಣ, ನವಿಮುಂಬಯಿಗಳಲ್ಲಿ ಶಿಕ್ಷಕ ತರಬೇತಿ ಪಡೆಯುತ್ತಿರುವ ನಮ್ಮ ಮಕ್ಕಳನ್ನು ತಿಂಗಳಿಗೊಂದು ಭಾನುವಾರ ಸಂಘಗಳು ಒಟ್ಟುಗೂಡಿಸಲಿ. ಒಂದು ಪ್ರಶ್ನೆ, ಹಲವು ಉತ್ತರ, ಅವುಗಳ ಆಧಾರ, ಇಷ್ಟೇ ಕಾರ್ಯಕ್ರಮ.

ನನ್ನ ಸೊಸೆಮುದ್ದು ಮರುದಿನ ಮೂರು ಇಸವಿಗಳನ್ನೂ ಕರಿಹಲಗೆಯ ಮೇಲೆ ಬರೆದಳಂತೆ. ತರಗತಿಯ ಗಂಟೆ ಬಾರಿಸಿದ ಮೇಲೂ ಮಕ್ಕಳು ವಾದಿಸುತ್ತಲೇ ಇದ್ದರಂತೆ.