‘ಬರೀ’ ಎಂಬ ಮಾತನ್ನು ಬಿಡೋಣ



ನಾನು ಓದಿದ್ದು 7ನೇ ತರಗತಿ. ಸಭೆಗಳಲ್ಲಿ ಹಿಂದಿನ ಸಾಲಿನಲ್ಲೇ ಕೂರುತ್ತಿದ್ದೆ. ಯಾರಾದರೂ ಪರಿಚಯ ಕೇಳಿದರೆ ‘ಬರೀ ಹೊಲಿಗೆಯವಳು’ ಎನ್ನುತ್ತಿದ್ದೆ.

ಒಮ್ಮೆ ಅಂಬಿಗರ ಚೌಡಯ್ಯನವರ ವಚನ ಓದುವಾಗ ಒಂದು ಸಂಗತಿ ಮನಸ್ಸಿಗೆ ತಟ್ಟಿತು. 12ನೇ ಶತಮಾನದ ಹಲವು ಶರಣರು ದೈವದ ಹೆಸರನ್ನು ಅಂಕಿತವಾಗಿಟ್ಟರೆ, ಅವರು ದೋಣಿ ನಡೆಸುವ ಕಾಯಕದೊಡನೆ ತಮ್ಮ ಹೆಸರನ್ನೇ ಅಂಕಿತವಾಗಿಟ್ಟರು!

ಅಂದು ರಾತ್ರಿ ನನಗೆ ಬರುವುದನ್ನೆಲ್ಲ ಬರೆದೆ: ಕಣ್ಣಳತೆಯಲ್ಲೇ ಬಟ್ಟೆ ಕತ್ತರಿಸುವುದು, ಹೇಳಿದ ದಿನಕ್ಕೆ ಕೊಡುವುದು, ಲೆಕ್ಕ ತಪ್ಪದಿರುವುದು, ಕಲಿಯಬಂದವರಿಗೆ ಬೇಸರಿಸದೆ ಕಲಿಸುವುದು. ‘ಬರೀ’ ಎನ್ನಲು ನಾಲಿಗೆ ಏಳಲಿಲ್ಲ.

ಈಗಲೂ ಕಾಲು ನಡುಗುತ್ತಿದೆ. ಆದರೂ ನಿಮ್ಮೆದುರು ನಿಂತು ಮಾತಾಡುತ್ತಿದ್ದೇನೆ. ನೀವೂ ಇಂದು ಮನೆಗೆ ಹೋಗಿ, ನಿಮಗೆ ಚೆನ್ನಾಗಿ ಬರುವ ನಾಲ್ಕು ಕೆಲಸಗಳನ್ನು ಬರೆದಿಡಿ.